ಲಾಭಾಂಶದ ಲೆಕ್ಕ ತಿಳಿದು ಶೇರು ಕೊಳ್ಳೋಣ

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ ಮುಹಮ್ಮದ್‌ರ(ಸ) ಮೇಲೆ ಸಲಾತ್ ಮತ್ತು ಸಲಾಮ್ ಹೇಳಿ ಇಂದಿನ ವಿಷಯಕ್ಕೆ ಬರುತ್ತೇವೆ. ಮಿಂಬರಿನ ಮೇಲೆ ನಿಂತು ಶೇರು ಮಾರುಕಟ್ಟೆಯ ಮಾತೇ ಎಂದು ಕೆಲವರಿಗೆ ಅನಿಸಬಹುದು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಇದೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಅದು ಅಲ್‌ಬಕರ ಅಧ್ಯಾಯದ 282ನೇ ಸೂಕ್ತ. ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನು ನಿಲ್ಲಿಸುವುದು, ಬರೆಯುವವನು ನ್ಯಾಯವಾಗಿ ಬರೆಯುವುದು, ಇವೇ ಅಲ್ಲಿನ ವಿಷಯಗಳು. ಲೆಕ್ಕಪತ್ರಕ್ಕೆ ಇಷ್ಟು ಸ್ಥಾನ ಕೊಟ್ಟ ಧರ್ಮದವರಾದ ನಾವು ನಮ್ಮ ದುಡಿಮೆಯ ಹಣವನ್ನು ಎಲ್ಲಿ ಇಡುತ್ತೇವೆ, ಅದರಿಂದ ಬರುವುದು ಏನು ಎಂಬುದನ್ನು ಮಸೀದಿಯಲ್ಲಿ ಮಾತನಾಡದೆ ಇನ್ನೆಲ್ಲಿ ಮಾತನಾಡಬೇಕು?

ಈಚೆಗೆ ನಮಾಝ್ ಮುಗಿಸಿ ಹೊರಗೆ ಬರುವಾಗ ಸಹೋದರರು ಕೇಳುವ ಪ್ರಶ್ನೆಗಳಲ್ಲಿ ಒಂದು ಹೆಚ್ಚಾಗಿದೆ. "ಈ ಶೇರು ವರ್ಷಕ್ಕೆ ಶೇಕಡಾ ಇಷ್ಟು ಡಿವಿಡೆಂಡ್ ಕೊಡುತ್ತದಂತೆ, ತೆಗೆದುಕೊಳ್ಳಬಹುದೇ?" ಕೇಳುವವರು ಹೆಚ್ಚಾಗಿ ಗಲ್ಫ್‌ನಿಂದ ಕೆಲಸ ಮುಗಿಸಿ ಬಂದವರು, ಅಂಗಡಿಯನ್ನು ಮಕ್ಕಳಿಗೆ ಬಿಟ್ಟುಕೊಟ್ಟವರು, ಗಂಡನನ್ನು ಕಳೆದುಕೊಂಡು ಮನೆ ನಡೆಸುತ್ತಿರುವ ಸಹೋದರಿಯರ ಪರವಾಗಿ ಬರುವ ತಮ್ಮಂದಿರು. ಬ್ಯಾಂಕಿನ ಬಡ್ಡಿ ಬೇಡ, ಆದರೆ ತಿಂಗಳ ಖರ್ಚು ನಿಲ್ಲುವುದಿಲ್ಲ. ಅವರ ಕಷ್ಟ ನಿಜವಾದದ್ದು. ಆ ಕಷ್ಟವನ್ನು ಬಂಡವಾಳ ಮಾಡಿಕೊಂಡವರು ಏನು ಮಾಡಿದರು ಎಂಬುದನ್ನೂ ನಾವು ನೋಡಿದ್ದೇವೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಐಎಂಎ ಕುಸಿದಾಗ ದೂರು ಕೊಡಲು ಸಾಲುಗಟ್ಟಿ ನಿಂತವರು ಹತ್ತಾರು ಸಾವಿರ ಮಂದಿ. ಅವರಲ್ಲಿ ಬಹುಪಾಲು ನಮ್ಮವರೇ. ಹಲಾಲ್ ಹೂಡಿಕೆ, ಲಾಭದ ಪಾಲು ಎಂಬ ಹೆಸರಿನಲ್ಲಿ ತಿಂಗಳು ತಿಂಗಳು ಹಣ ಬರುತ್ತಿದ್ದಷ್ಟು ದಿನ ಅದು ಯಾವ ವ್ಯಾಪಾರದ ಲಾಭ ಎಂದು ಕೇಳಿದವರು ಕಡಿಮೆ.

ಆದ್ದರಿಂದ ಇಂದು ಲಾಭಾಂಶ ಎಂದರೇನು, ಅದರ ಹಿಂದಿನ ವರ್ಷಗಳ ದಾಖಲೆಯನ್ನು ಹೇಗೆ ಓದಬೇಕು, ಶೇಕಡಾವಾರು ಇಳುವರಿ ಎಂಬ ಅಂಕಿ ಎಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ ಎಂಬುದನ್ನು ತುಸು ನಿಧಾನವಾಗಿ ನೋಡೋಣ. ಯಾವ ಶೇರು ಕೊಳ್ಳಬೇಕು ಎಂದು ನಾವು ಹೇಳುವುದಿಲ್ಲ. ಅದು ನಮ್ಮ ಕೆಲಸವಲ್ಲ.

ಮೊದಲು ಬುಡಕ್ಕೆ ಹೋಗೋಣ. ಪ್ರವಾದಿಯವರು(ಸ) ಯುವಕರಾಗಿದ್ದಾಗ ಹಝ್ರತ್ ಖದೀಜಾರ(ರ) ಸರಕನ್ನು ತೆಗೆದುಕೊಂಡು ಸಿರಿಯಾಕ್ಕೆ ವ್ಯಾಪಾರಕ್ಕೆ ಹೋದದ್ದು ನಮಗೆಲ್ಲ ಗೊತ್ತು. ಒಬ್ಬರದು ಬಂಡವಾಳ, ಇನ್ನೊಬ್ಬರದು ದುಡಿಮೆ. ಲಾಭ ಬಂದರೆ ಮೊದಲೇ ಮಾತಾದ ಪ್ರಮಾಣದಲ್ಲಿ ಹಂಚಿಕೆ, ನಷ್ಟವಾದರೆ ಬಂಡವಾಳದವರ ಹಣ ಹೋಗುತ್ತದೆ, ದುಡಿದವನ ಶ್ರಮ ಹೋಗುತ್ತದೆ. ಇದನ್ನೇ ಮುದಾರಬಾ ಎನ್ನುತ್ತೇವೆ. ಇಬ್ಬರೂ ಬಂಡವಾಳ ಹಾಕಿದರೆ ಅದು ಮುಶಾರಕಾ. ಶೇರು ಎಂಬುದು ಈ ಎರಡನೆಯದಕ್ಕೆ ಹತ್ತಿರದ ವ್ಯವಸ್ಥೆ. ಕಂಪೆನಿಯ ಒಂದು ಶೇರು ನಮ್ಮ ಕೈಯಲ್ಲಿದ್ದರೆ ಅದರ ಕಟ್ಟಡ, ಯಂತ್ರ, ಸರಕು, ಸಾಲ, ಹೆಸರು ಎಲ್ಲದರಲ್ಲೂ ನಮಗೊಂದು ಸಣ್ಣ ಪಾಲಿದೆ. ವರ್ಷದ ಲಾಭದಲ್ಲಿ ಒಂದು ಭಾಗವನ್ನು ಕಂಪೆನಿ ಪಾಲುದಾರರಿಗೆ ಹಂಚಿದರೆ ಅದು ಲಾಭಾಂಶ. ಉಳಿದದ್ದನ್ನು ವ್ಯಾಪಾರ ಬೆಳೆಸಲು ಇಟ್ಟುಕೊಳ್ಳುತ್ತದೆ. ಆ ಉಳಿದದ್ದೂ ಪಾಲುದಾರರದ್ದೇ, ಕೈಗೆ ಬಂದಿಲ್ಲ ಅಷ್ಟೆ.

ಬಡ್ಡಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ಬಡ್ಡಿ ಮೊದಲೇ ಗೊತ್ತು ಮಾಡಿದ್ದು, ವ್ಯಾಪಾರ ಮುಳುಗಿದರೂ ಕೊಡಲೇಬೇಕಾದದ್ದು. ಲಾಭಾಂಶಕ್ಕೆ ಯಾರೂ ಮಾತು ಕೊಟ್ಟಿಲ್ಲ. ಕೊಡಲೂಬಹುದು, ಕಡಿಮೆ ಮಾಡಲೂಬಹುದು, ನಿಲ್ಲಿಸಲೂಬಹುದು. "ತಿಂಗಳಿಗೆ ಶೇಕಡಾ ಇಷ್ಟು ಖಂಡಿತ" ಎಂದು ಯಾರಾದರೂ ಹೇಳಿದರೆ ಅದು ಲಾಭಾಂಶವಲ್ಲ, ಹೆಸರು ಏನೇ ಇರಲಿ. ವ್ಯಾಪಾರ ಮಾಡುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲೂ ರಮಝಾನಿನಲ್ಲೂ ಒಂದೇ ಲಾಭ ಬರುವ ಅಂಗಡಿ ಯಾವುದಿದೆ?

ಕಂಪೆನಿಯ ಲಾಭವನ್ನು ಹೀಗೆ ಹಂಚುವುದು ಹೊಸದೇನಲ್ಲ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪೆನಿ 1610ರಲ್ಲಿ ತನ್ನ ಪಾಲುದಾರರಿಗೆ ಮೊದಲ ಲಾಭಾಂಶ ಹಂಚಿದಾಗ ಅದರಲ್ಲಿ ಹೆಚ್ಚಿನದು ಹಣವಾಗಿರಲಿಲ್ಲ, ಜಾಪತ್ರೆ ಮತ್ತು ಮೆಣಸಾಗಿತ್ತು. ಆ ಕಂಪೆನಿ ಪೂರ್ವದೇಶಗಳಲ್ಲಿ ನಡೆಸಿದ ಕ್ರೌರ್ಯದ ಕಥೆ ಬೇರೆಯೇ ಇದೆ. ಲಾಭಾಂಶ ಎಂಬುದು ಯಾವುದೋ ನಿಜವಾದ ಸರಕಿನ ಮಾರಾಟದಿಂದ ಬರಬೇಕು ಎಂಬುದು ಎದ್ದುಕಾಣಲಿ ಎಂದಷ್ಟೇ ಇದನ್ನು ಹೇಳಿದೆವು.

ಈಗ ಲೆಕ್ಕಕ್ಕೆ ಬರೋಣ. ಇಳುವರಿ ಎಂದರೆ ಒಂದು ವರ್ಷದಲ್ಲಿ ಒಂದು ಶೇರಿಗೆ ಬಂದ ಲಾಭಾಂಶವನ್ನು ಇಂದಿನ ಮಾರುಕಟ್ಟೆ ಬೆಲೆಯಿಂದ ಭಾಗಿಸಿ ನೂರರಿಂದ ಗುಣಿಸುವುದು. ಇಷ್ಟೇ. ಆದರೆ ನಮ್ಮ ದೇಶದಲ್ಲಿ ಇಲ್ಲೇ ಮೊದಲ ಗುಂಡಿ ಇದೆ. ಪತ್ರಿಕೆಯಲ್ಲಿ "ಶೇಕಡಾ 500 ಲಾಭಾಂಶ ಘೋಷಣೆ" ಎಂದು ಬರುತ್ತದೆ. ಓದಿದವರು ಹೌಹಾರುತ್ತಾರೆ. ಆ ಶೇಕಡಾವಾರು ಮಾರುಕಟ್ಟೆ ಬೆಲೆಯ ಮೇಲಲ್ಲ, ಮುಖಬೆಲೆಯ ಮೇಲೆ. ಮುಖಬೆಲೆ 1 ರೂಪಾಯಿ ಆಗಿದ್ದರೆ ಶೇಕಡಾ 500 ಎಂದರೆ 5 ರೂಪಾಯಿ. ಆ ಶೇರಿನ ಮಾರುಕಟ್ಟೆ ಬೆಲೆ 2,500 ರೂಪಾಯಿ ಆಗಿದ್ದರೆ ಇಳುವರಿ ಶೇಕಡಾ 0.2. ಇನ್ನೊಂದು ಕಂಪೆನಿ ಮುಖಬೆಲೆ 10 ರೂಪಾಯಿಯ ಮೇಲೆ ಶೇಕಡಾ 40 ಮಾತ್ರ ಘೋಷಿಸಿದೆ ಎನ್ನಿ. ಅದು 4 ರೂಪಾಯಿ. ಅದರ ಬೆಲೆ 80 ರೂಪಾಯಿ ಇದ್ದರೆ ಇಳುವರಿ ಶೇಕಡಾ 5. ಐನೂರಕ್ಕಿಂತ ನಲವತ್ತು ದೊಡ್ಡದಾಯಿತು ನೋಡಿ. ಯಾರಾದರೂ ಶೇಕಡಾವಾರು ಹೇಳಿದರೆ "ಯಾವುದರ ಮೇಲೆ?" ಎಂದು ಕೇಳಿ. ಈ ಒಂದು ಪ್ರಶ್ನೆಗೆ ಉತ್ತರ ಬರದಿದ್ದರೆ ಮಾತು ಅಲ್ಲಿಗೇ ಬಿಡಬಹುದು.

ನಿಜವಾದ ಒಂದು ದಾಖಲೆಯನ್ನು ಓದೋಣ. ನಮ್ಮ ರಾಜ್ಯದ ಎಲ್ಲರಿಗೂ ಗೊತ್ತಿರುವ ಇನ್ಫೋಸಿಸ್ ಅನ್ನೇ ತೆಗೆದುಕೊಳ್ಳೋಣ. ಕೊಳ್ಳಿ ಎಂದು ಹೇಳುತ್ತಿಲ್ಲ, ಅದರ ದಾಖಲೆ ಎಲ್ಲರ ಕೈಗೂ ಸಿಗುವಂತಿದೆ ಎಂಬುದಕ್ಕಾಗಿ. ಒಂದು ಶೇರಿಗೆ 2020-21ರ ಸಾಲಿಗೆ 27 ರೂಪಾಯಿ, 2021-22ಕ್ಕೆ 31, 2022-23ಕ್ಕೆ 34, 2023-24ಕ್ಕೆ 46, 2024-25ಕ್ಕೆ 43 ರೂಪಾಯಿ ಲಾಭಾಂಶ ಬಂದಿದೆ. ಈ ಸಾಲನ್ನು ನೋಡಿದವರು ಏನು ಹೇಳುತ್ತಾರೆ? ನಾಲ್ಕು ವರ್ಷ ಏರಿತು, ಐದನೆಯ ವರ್ಷ ಇಳಿಯಿತು. ಆದರೆ 46ರ ಒಳಗೆ ಕೈಹಾಕಿ ನೋಡಿ. ಅದರಲ್ಲಿ 18 ರೂಪಾಯಿ ಮಧ್ಯಂತರ ಲಾಭಾಂಶ, 20 ರೂಪಾಯಿ ಅಂತಿಮ ಲಾಭಾಂಶ, ಇನ್ನುಳಿದ 8 ರೂಪಾಯಿ ವಿಶೇಷ ಲಾಭಾಂಶ. ವಿಶೇಷ ಎಂದರೆ ಆ ವರ್ಷಕ್ಕೆ ಮಾತ್ರ, ಮುಂದಿನ ವರ್ಷ ಕಾಯಬೇಡಿ ಎಂದೇ ಅರ್ಥ. ಅದನ್ನು ತೆಗೆದರೆ ಆ ವರ್ಷದ ಮಾಮೂಲು ಲಾಭಾಂಶ 38 ರೂಪಾಯಿ. ಮರುವರ್ಷ 21 ಮತ್ತು 22 ಸೇರಿ 43 ರೂಪಾಯಿ. ಅಂದರೆ ಇಳಿಯಲಿಲ್ಲ, ಏರಿತು. ಈದ್‌ಗೆ ಮಾಲೀಕ ಕೊಟ್ಟ ಬಕ್ಷೀಸನ್ನು ಸಂಬಳಕ್ಕೆ ಸೇರಿಸಿ ಮನೆ ಬಾಡಿಗೆ ಗೊತ್ತು ಮಾಡಿಕೊಳ್ಳುವವರುಂಟೇ?

ಅದೇ ಕಂಪೆನಿಯ ಇನ್ನೂ ಹಿಂದಿನ ಪುಟ ತಿರುಗಿಸಿದರೆ ಮತ್ತೊಂದು ಪಾಠ ಸಿಗುತ್ತದೆ. 2017-18ರ ಸಾಲಿನ ಅಂತಿಮ ಲಾಭಾಂಶ 20 ರೂಪಾಯಿ 50 ಪೈಸೆ. 2018-19ರದ್ದು 10 ರೂಪಾಯಿ 50 ಪೈಸೆ. ಅರ್ಧಕ್ಕೆ ಇಳಿಯಿತೇ? ಇಲ್ಲ. 2018ರಲ್ಲಿ ಕಂಪೆನಿ ಒಂದು ಶೇರಿಗೆ ಇನ್ನೊಂದು ಬೋನಸ್ ಶೇರು ಕೊಟ್ಟಿತು. ನೂರು ಶೇರಿದ್ದವರ ಬಳಿ ಇನ್ನೂರಾಯಿತು. ಹಳೆಯ 20 ರೂಪಾಯಿ 50 ಪೈಸೆಯನ್ನು ಎರಡು ಶೇರಿಗೆ ಹಂಚಿದರೆ 10 ರೂಪಾಯಿ 25 ಪೈಸೆ. ಅದಕ್ಕಿಂತ 25 ಪೈಸೆ ಹೆಚ್ಚೇ ಬಂದಿದೆ. ಬೋನಸ್ ಮತ್ತು ಮುಖಬೆಲೆಯ ವಿಭಜನೆ ಯಾವಾಗ ಆಯಿತು ಎಂಬುದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಲಾಭಾಂಶದ ಇತಿಹಾಸ ಓದಲು ಹೋಗಬಾರದು. ಕೆಲವು ಆ್ಯಪ್‌ಗಳು ಹಳೆಯ ಅಂಕಿಗಳನ್ನು ಸರಿಹೊಂದಿಸಿ ಕೊಡುತ್ತವೆ, ಕೆಲವು ಕೊಡುವುದಿಲ್ಲ. ಕಂಪೆನಿಯ ವಾರ್ಷಿಕ ವರದಿ ಮತ್ತು ಎನ್‌ಎಸ್‌ಇ, ಬಿಎಸ್‌ಇಗಳ ದಾಖಲೆಯಲ್ಲಿ ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ಹಳೆಯ ಇತಿಹಾಸ ಓದುವಾಗ ತೆರಿಗೆಯನ್ನೂ ನೆನಪಿಡಬೇಕು. 2020ರ ಮಾರ್ಚ್‌ವರೆಗೆ ಲಾಭಾಂಶ ಹಂಚಿಕೆ ತೆರಿಗೆಯನ್ನು ಕಂಪೆನಿಯೇ ಕಟ್ಟುತ್ತಿತ್ತು, ನಮ್ಮ ನಿಮ್ಮಂಥವರ ಕೈಗೆ ಬಂದದ್ದು ಪೂರ್ತಿ ನಮ್ಮದಾಗಿತ್ತು. 2020ರ ಏಪ್ರಿಲ್ 1ರಿಂದ ಪಡೆದವರ ಆದಾಯಕ್ಕೆ ಅದು ಸೇರುತ್ತದೆ, ಅವರವರ ದರದಲ್ಲಿ ತೆರಿಗೆ ಬೀಳುತ್ತದೆ. ಒಂದು ಕಂಪೆನಿಯಿಂದ ವರ್ಷಕ್ಕೆ ಬರುವ ಲಾಭಾಂಶ 5,000 ರೂಪಾಯಿ ದಾಟಿದರೆ ಶೇಕಡಾ 10 ಮೂಲದಲ್ಲೇ ಕಡಿತವಾಗುತ್ತಿತ್ತು, 2025ರ ಏಪ್ರಿಲ್‌ನಿಂದ ಆ ಮಿತಿ 10,000 ರೂಪಾಯಿ. ಗಲ್ಫ್‌ನಲ್ಲಿರುವ ನಮ್ಮ ಮಕ್ಕಳ ಹೆಸರಿನಲ್ಲಿ ಶೇರಿದ್ದರೆ ಇಂಥ ಮಿತಿಯಿಲ್ಲ, ಶೇಕಡಾ 20 ಕಡಿತವಾಗುತ್ತದೆ. ಯುಎಇಯಲ್ಲಿರುವವರು ಅಲ್ಲಿನ ತೆರಿಗೆ ನಿವಾಸ ಪ್ರಮಾಣಪತ್ರ ತಂದು ಕೊಟ್ಟರೆ ಎರಡು ದೇಶಗಳ ಒಪ್ಪಂದದ ಪ್ರಕಾರ ಶೇಕಡಾ 10 ಆಗುತ್ತದೆ. ಇದು ತಿಳಿಯದೆ ಹಣ ಬಿಟ್ಟವರು ಅನೇಕರಿದ್ದಾರೆ.

ಇನ್ನು ಇಳುವರಿಯ ಮಾತು. ವರ್ಷಕ್ಕೆ 43 ರೂಪಾಯಿ ಲಾಭಾಂಶದ ಶೇರಿನ ಬೆಲೆ 1,500 ರೂಪಾಯಿ ಎಂದಿಟ್ಟುಕೊಂಡರೆ ಇಳುವರಿ ಶೇಕಡಾ 2.87. ಬೆಲೆ 1,100ಕ್ಕೆ ಕುಸಿದರೆ ಅದೇ 43 ರೂಪಾಯಿಗೆ ಇಳುವರಿ ಶೇಕಡಾ 3.9. ಕಂಪೆನಿ ಒಂದು ಪೈಸೆ ಹೆಚ್ಚು ಕೊಡಲಿಲ್ಲ, ಇಳುವರಿ ಮಾತ್ರ ಏರಿತು. ಪಟ್ಟಿಯಲ್ಲಿ ಯಾವುದಾದರೂ ಶೇರಿನ ಎದುರು ಶೇಕಡಾ 10, 12 ಎಂದು ಕಂಡರೆ ನಮ್ಮ ಮೊದಲ ಅನುಮಾನ ಇದೇ ಆಗಿರಬೇಕು: ಲಾಭಾಂಶ ಹೆಚ್ಚಾಯಿತೋ, ಬೆಲೆ ಕುಸಿಯಿತೋ? ಬೆಲೆ ಕುಸಿದಿದ್ದರೆ ಆ ವ್ಯಾಪಾರದ ಬಗ್ಗೆ ಬಲ್ಲವರು ಮೊದಲೇ ಏನನ್ನೋ ಅರಿತು ಮಾರಿ ಹೋಗಿರಬಹುದು. ಹಳೆಯ ಲಾಭಾಂಶವನ್ನು ಹೊಸ ಬೆಲೆಯಿಂದ ಭಾಗಿಸಿ ಸಿಕ್ಕ ಅಂಕಿ ಮುಂದಿನ ವರ್ಷದ ಭರವಸೆಯಲ್ಲ.

ಇದಕ್ಕೆ ವೇದಾಂತ ಕಂಪೆನಿಯ ದಾಖಲೆ ಒಂದು ಉದಾಹರಣೆ. 2022-23ರ ಸಾಲಿಗೆ ಅದು ಐದು ಕಂತುಗಳಲ್ಲಿ ಒಂದು ಶೇರಿಗೆ ಒಟ್ಟು 101 ರೂಪಾಯಿ 50 ಪೈಸೆ ಹಂಚಿತು. ಆ ವರ್ಷದ ಕೊನೆಗೆ, 2023ರ ಮಾರ್ಚ್‌ನಲ್ಲಿ, ಶೇರಿನ ಬೆಲೆ 275 ರೂಪಾಯಿಯ ಆಸುಪಾಸಿನಲ್ಲಿತ್ತು. ಭಾಗಿಸಿ ನೋಡಿ, ಸುಮಾರು ಶೇಕಡಾ 37. ಬಾಯಲ್ಲಿ ನೀರೂರುವ ಅಂಕಿ! ಮರುವರ್ಷ ಅದು ಕೊಟ್ಟದ್ದು 29 ರೂಪಾಯಿ 50 ಪೈಸೆ. ಅಷ್ಟೊಂದು ಹಂಚಿದ್ದು ಯಾಕೆ? ಲಂಡನ್ನಿನಲ್ಲಿರುವ ಅದರ ಮಾತೃಸಂಸ್ಥೆಯ ತಲೆಯ ಮೇಲೆ ದೊಡ್ಡ ಸಾಲವಿತ್ತು, ಹಂಚಿಕೆಯ ದೊಡ್ಡ ಪಾಲು ಆ ಸಂಸ್ಥೆಗೇ ಹೋಗುತ್ತಿತ್ತು. ಕಾನೂನಿನಲ್ಲಿ ಇದು ತಪ್ಪಲ್ಲ. ಎಲ್ಲ ಪಾಲುದಾರರಿಗೂ ಸಮನಾಗಿಯೇ ಸಿಕ್ಕಿತು. ಆದರೆ ಶೇಕಡಾ 37ನ್ನು ನಂಬಿ ಮುಂದಿನ ವರ್ಷದ ಮನೆ ಖರ್ಚಿನ ಲೆಕ್ಕ ಹಾಕಿಕೊಂಡಿದ್ದ ವಿಧವೆಯೊಬ್ಬಳ ಕೈಗೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಬರುತ್ತಿತ್ತು.

ಹಾಗಾದರೆ ಏನನ್ನು ನೋಡಬೇಕು? ಕಂಪೆನಿ ಗಳಿಸಿದ್ದರಲ್ಲಿ ಎಷ್ಟು ಭಾಗ ಹಂಚುತ್ತಿದೆ ಎಂಬುದನ್ನು. ಇನ್ಫೋಸಿಸ್ 2024-25ರಲ್ಲಿ ಒಂದು ಶೇರಿಗೆ ಗಳಿಸಿದ್ದು 64 ರೂಪಾಯಿಯ ಆಸುಪಾಸು, ಹಂಚಿದ್ದು 43. ಸುಮಾರು ಮೂರರಲ್ಲಿ ಎರಡು ಪಾಲು. ಗಳಿಕೆ ಸ್ವಲ್ಪ ತಗ್ಗಿದರೂ ಹಂಚಲು ಸ್ಥಳವಿದೆ ಎಂದಾಯಿತು. ಗಳಿಸಿದ್ದಕ್ಕಿಂತ ಹೆಚ್ಚು ಹಂಚುತ್ತಿರುವ ಕಂಪೆನಿ ಹಳೆಯ ಉಳಿತಾಯದಿಂದ ಕೊಡುತ್ತಿದೆ ಅಥವಾ ಆಸ್ತಿ ಮಾರಿ ಕೊಡುತ್ತಿದೆ. ತೆಂಗಿನಕಾಯಿ ಮಾರಿ ತಿನ್ನುವುದು ಒಂದು, ತೆಂಗಿನ ಮರವನ್ನೇ ಕಡಿದು ಮಾರಿ ತಿನ್ನುವುದು ಇನ್ನೊಂದು. ಐದು ವರ್ಷವಲ್ಲ, ಸಾಧ್ಯವಾದರೆ ಹತ್ತು ವರ್ಷ ಹಿಂದಕ್ಕೆ ಹೋಗಿ. 2008ರ ಆರ್ಥಿಕ ಕುಸಿತದ ನಂತರ, 2020ರ ಕೊರೋನಾ ಕಾಲದಲ್ಲಿ ಆ ಕಂಪೆನಿ ಏನು ಮಾಡಿತು ಎಂದು ನೋಡಿ. ಕಷ್ಟದ ವರ್ಷದಲ್ಲಿ ನಡೆದುಕೊಂಡ ರೀತಿ ಒಳ್ಳೆಯ ವರ್ಷಗಳಿಗಿಂತ ಹೆಚ್ಚು ಹೇಳುತ್ತದೆ. ಮೊದಲ ಸಾವಿರ ಸ್ಥಾನದಲ್ಲಿರುವ ಕಂಪೆನಿಗಳು ಲಾಭಾಂಶ ಹಂಚುವ ತಮ್ಮ ನೀತಿಯನ್ನು ಪ್ರಕಟಿಸಬೇಕೆಂದು ಸೆಬಿಯ ನಿಯಮವಿದೆ. ಎರಡು ಮೂರು ಪುಟದ ಕಾಗದ, ಓದಿ ನೋಡಬಹುದು.

ಯುವಕರಲ್ಲಿ ಒಂದು ಚಾಲಾಕಿತನ ಹಬ್ಬಿದೆ. ಲಾಭಾಂಶಕ್ಕೆ ಅರ್ಹತೆಯ ದಿನಕ್ಕೆ ಒಂದು ದಿನ ಮುಂಚೆ ಶೇರು ಕೊಂಡು, ಹಣ ಸಿಕ್ಕಿದ ಮೇಲೆ ಮಾರಿಬಿಡುವುದು. ಇದರಲ್ಲಿ ಬಿಟ್ಟಿ ಊಟವಿಲ್ಲ. 200 ರೂಪಾಯಿಯ ಶೇರು 10 ರೂಪಾಯಿ ಲಾಭಾಂಶ ಕೊಟ್ಟರೆ ಅರ್ಹತೆ ಮುಗಿದ ದಿನ ಅದರ ಬೆಲೆ ಸಾಮಾನ್ಯವಾಗಿ 190ರ ಸುತ್ತ ತೆರೆಯುತ್ತದೆ. ಪೆಟ್ಟಿಗೆಯಿಂದ 10 ರೂಪಾಯಿ ಹೊರಗೆ ಹೋದ ಮೇಲೆ ಪೆಟ್ಟಿಗೆಯ ಬೆಲೆ ಅಷ್ಟು ಕಡಿಮೆಯಾಗಲೇಬೇಕಲ್ಲವೇ? ಮೇಲೆ ತೆರಿಗೆ, ದಲ್ಲಾಳಿ ಶುಲ್ಕ ಬೇರೆ. ವ್ಯಾಪಾರದ ಪಾಲುದಾರನಾಗುವ ಉದ್ದೇಶವೇ ಇಲ್ಲದ ಇಂಥ ಓಟವನ್ನು ನಾವು ಮೆಚ್ಚುವುದಿಲ್ಲ.

ಸಹೋದರರೇ, ಇಷ್ಟೆಲ್ಲ ಲೆಕ್ಕ ಸರಿಯಿದ್ದರೂ ನಮಗೆ ಇನ್ನೊಂದು ಬಾಗಿಲಿದೆ. ಆ ಲಾಭ ಯಾವುದರಿಂದ ಬಂತು? ಹೆಚ್ಚು ಇಳುವರಿಯ ಶೇರುಗಳ ಪಟ್ಟಿ ತೆಗೆದರೆ ಸಿಗರೇಟಿನ ಕಂಪೆನಿ, ಬ್ಯಾಂಕು, ಸಾಲ ಕೊಡುವ ಹಣಕಾಸು ಸಂಸ್ಥೆಗಳು ಮೇಲೆಯೇ ಸಿಗುತ್ತವೆ. ಮದ್ಯ, ಜೂಜು, ಬಡ್ಡಿಯೇ ಮುಖ್ಯ ವ್ಯಾಪಾರವಾಗಿರುವ ಕಂಪೆನಿಯಲ್ಲಿ ಪಾಲುದಾರರಾಗುವುದು ನಮಗೆ ಸಲ್ಲದು. ಅಲ್ಲಿನ ಇಳುವರಿ ಎಷ್ಟಿದ್ದರೇನು? ಇನ್ನು ಮುಖ್ಯ ವ್ಯಾಪಾರ ಶುದ್ಧವಾಗಿದ್ದರೂ ಇಂದಿನ ಯಾವ ದೊಡ್ಡ ಕಂಪೆನಿಯೂ ಬಡ್ಡಿಯ ಸೋಂಕಿನಿಂದ ಪೂರ್ತಿ ದೂರವಿಲ್ಲ. ಮಿಕ್ಕಿದ ಹಣವನ್ನು ಬ್ಯಾಂಕಿನಲ್ಲಿ ಇಡುತ್ತದೆ, ಬಡ್ಡಿ ಬರುತ್ತದೆ. ವಿಸ್ತರಣೆಗೆ ಸಾಲ ತೆಗೆಯುತ್ತದೆ, ಬಡ್ಡಿ ಕಟ್ಟುತ್ತದೆ. ಈ ಕಾರಣಕ್ಕೆ ಇಂಥ ಶೇರುಗಳೇ ಬೇಡ ಎನ್ನುವ ವಿದ್ವಾಂಸರೂ ಇದ್ದಾರೆ, ಅವರ ಮಾತಿಗೆ ಗೌರವ ಕೊಡುತ್ತೇವೆ. ಮಿತಿಯೊಳಗೆ ಅನುಮತಿಸುವವರು ಹಾಕಿರುವ ಗೆರೆಗಳಲ್ಲಿ ಬಹ್ರೈನಿನ ಆಯೋಫಿ ಸಂಸ್ಥೆಯದ್ದು ಹೆಚ್ಚು ಪ್ರಸಿದ್ಧ. ಬಡ್ಡಿಯ ಸಾಲ ಕಂಪೆನಿಯ ಮಾರುಕಟ್ಟೆ ಮೌಲ್ಯದ ಶೇಕಡಾ 30 ಮೀರಬಾರದು, ಬಡ್ಡಿಗಾಗಿ ಇಟ್ಟ ಠೇವಣಿಯೂ ಶೇಕಡಾ 30 ಮೀರಬಾರದು, ಸಲ್ಲದ ಮೂಲದ ಆದಾಯ ಒಟ್ಟು ಆದಾಯದ ಶೇಕಡಾ 5 ಮೀರಬಾರದು. ಎನ್‌ಎಸ್‌ಇಯಲ್ಲಿ ನಿಫ್ಟಿ 50 ಶರೀಅ ಸೂಚ್ಯಂಕವಿದೆ, ಬಿಎಸ್‌ಇಯಲ್ಲಿ 2010ರಿಂದ ಶರೀಅ ಸೂಚ್ಯಂಕವಿದೆ. ಕಂಪೆನಿಯ ಲೆಕ್ಕ ವರ್ಷ ವರ್ಷ ಬದಲಾಗುವುದರಿಂದ ಈ ಪಟ್ಟಿಗಳೂ ಬದಲಾಗುತ್ತವೆ. ಐದು ವರ್ಷದ ಹಿಂದೆ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ಇಂದು ಆಧಾರವಾಗುವುದಿಲ್ಲ.

ಅನುಮತಿಸಿದವರೂ ಒಂದು ಷರತ್ತು ಹಾಕಿದ್ದಾರೆ, ಅದೇ ಶುದ್ಧೀಕರಣ. ಇದನ್ನು ಬಹಳಷ್ಟು ಮಂದಿ ಮರೆತೇಬಿಡುತ್ತಾರೆ. ಕಂಪೆನಿಯ ಒಟ್ಟು ಆದಾಯದಲ್ಲಿ ಬಡ್ಡಿಯಿಂದ ಬಂದದ್ದು ಶೇಕಡಾ 2 ಎಂದಿಟ್ಟುಕೊಳ್ಳೋಣ. ನಮಗೆ ನೂರು ಶೇರಿಗೆ 4,300 ರೂಪಾಯಿ ಲಾಭಾಂಶ ಬಂದಿದೆ. ಅದರ ಶೇಕಡಾ 2 ಎಂದರೆ 86 ರೂಪಾಯಿ. ಆ 86 ರೂಪಾಯಿ ನಮ್ಮದಲ್ಲ. ಪುಣ್ಯದ ಆಸೆಯಿಲ್ಲದೆ ಬಡವರಿಗೆ ಕೊಟ್ಟು ಕೈತೊಳೆದುಕೊಳ್ಳಬೇಕು, ಅದನ್ನು ಝಕಾತ್‌ನಲ್ಲೂ ಸದಕದಲ್ಲೂ ಲೆಕ್ಕ ಹಿಡಿಯುವಂತಿಲ್ಲ. ಇನ್ನೂ ಬಿಗಿಯಾದ ಅಭಿಪ್ರಾಯದ ಪ್ರಕಾರ ಕಂಪೆನಿ ಲಾಭಾಂಶ ಹಂಚಲಿ ಬಿಡಲಿ, ನಮ್ಮ ಶೇರಿನ ಪಾಲಿಗೆ ಬರುವ ಬಡ್ಡಿ ಆದಾಯ ಪೂರ್ತಿ ಹೊರಗೆ ಹಾಕಬೇಕು. ಆಯೋಫಿ ಹೇಳುವುದು ಈ ಎರಡನೆಯದನ್ನು, ನಮಗೂ ಇದೇ ಸುರಕ್ಷಿತ ಎನಿಸುತ್ತದೆ. ಅಂಕಿ ಎಲ್ಲಿ ಸಿಗುತ್ತದೆ? ವಾರ್ಷಿಕ ವರದಿಯಲ್ಲಿ "ಇತರ ಆದಾಯ" ಎಂಬ ಸಾಲಿದೆ, ಅದರ ಟಿಪ್ಪಣಿಯಲ್ಲಿ ಬಡ್ಡಿಯನ್ನು ಬೇರೆಯಾಗಿ ತೋರಿಸಿರುತ್ತಾರೆ.

ಈಗ ಮನೆಯ ಕಬ್ಬಿಣದ ಪೆಟ್ಟಿಗೆಗಳ ಮಾತು. ನಮ್ಮ ಕರಾವಳಿ ಬ್ಯಾಂಕುಗಳು ಹುಟ್ಟಿದ ನಾಡು. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕನ್ನು 5,000 ರೂಪಾಯಿ ಬಂಡವಾಳದಲ್ಲಿ ಆರಂಭಿಸಲು ಮುಂದಾದವರು ಹಾಜಿ ಅಬ್ದುಲ್ಲಾ ಸಾಹೇಬರು. ಬಡ್ಡಿಯ ವ್ಯವಹಾರದ ಬಗ್ಗೆ ನಮ್ಮ ನಿಲುವು ಏನೆಂಬುದು ಬೇರೆ ಮಾತು, ಎಲ್ಲ ಸಮುದಾಯದ ಬಡವರಿಗೂ ಮಿಡಿದ ಮನಸ್ಸು ಅವರದು ಎಂಬುದನ್ನು ಉಡುಪಿಯವರು ಇಂದಿಗೂ ನೆನೆಯುತ್ತಾರೆ. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋಯಿತು, ಹಳೆಯ ಸಾವಿರ ಶೇರಿಗೆ ಹೊಸ 330 ಶೇರು ಸಿಕ್ಕಿತು. ಹೀಗೆ ಅಜ್ಜನ ಕಾಲದಲ್ಲಿ ಕೊಂಡ, ಇಂದು ಹೆಸರೂ ಉಳಿಯದ ಕಂಪೆನಿಗಳ ಶೇರು ಪತ್ರಗಳು ಎಷ್ಟೋ ಮನೆಗಳಲ್ಲಿ ಕೊಳೆಯುತ್ತಿವೆ. ಅವು ಯಾರ ಆಸ್ತಿ? ಅಜ್ಜನ ಎಲ್ಲ ವಾರಸುದಾರರ ಆಸ್ತಿ. ಅನ್ನಿಸಾ ಅಧ್ಯಾಯವು ನಿಗದಿಪಡಿಸಿದ ಪಾಲು ಗದ್ದೆಗೆ, ಮನೆಗೆ ಅನ್ವಯಿಸುವಂತೆ ಶೇರಿಗೂ, ಬಾಕಿ ಉಳಿದ ಲಾಭಾಂಶಕ್ಕೂ ಅನ್ವಯಿಸುತ್ತದೆ. ಹೆಣ್ಣುಮಕ್ಕಳ ಪಾಲು ಇಲ್ಲಿ ಸದ್ದಿಲ್ಲದೆ ಮಾಯವಾಗುವುದನ್ನು ನಾವು ಕಂಡಿದ್ದೇವೆ. ಡಿಮ್ಯಾಟ್ ಖಾತೆ ಹಿರಿಯ ಮಗನ ಹೆಸರಿನಲ್ಲಿ, ಲಾಭಾಂಶ ಅವನ ಬ್ಯಾಂಕಿಗೆ. ತಂಗಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರುವುದಿಲ್ಲ. ನಾಮಿನಿ ಎಂದು ಹೆಸರು ಹಾಕಿಸಿಕೊಂಡವನು ಹಣವನ್ನು ಪಡೆದು ಹಂಚಬೇಕಾದ ಅಮೀನನೇ ಹೊರತು ಮಾಲೀಕನಲ್ಲ.

ಪಡೆಯದೆ ಬಿಟ್ಟ ಲಾಭಾಂಶ ಏನಾಗುತ್ತದೆ? ಕಾನೂನಿನ ಪ್ರಕಾರ ಘೋಷಿಸಿದ 30 ದಿನಗಳಲ್ಲಿ ಕಂಪೆನಿ ಅದನ್ನು ತಲುಪಿಸಬೇಕು. ಪಡೆಯದಿದ್ದರೆ ಪ್ರತ್ಯೇಕ ಖಾತೆಗೆ ಹೋಗುತ್ತದೆ. ಏಳು ವರ್ಷ ಹಾಗೆಯೇ ಉಳಿದರೆ ಐಇಪಿಎಫ್ ಎಂಬ ಕೇಂದ್ರ ಸರಕಾರದ ನಿಧಿಗೆ ಸೇರುತ್ತದೆ. ಸತತ ಏಳು ವರ್ಷದ ಲಾಭಾಂಶವನ್ನು ಪಡೆಯದಿದ್ದರೆ ಶೇರೂ ಅದರ ಹಿಂದೆಯೇ ಹೋಗುತ್ತದೆ. ಗಾಬರಿ ಬೇಡ, ವಾರಸುದಾರರು ಅರ್ಜಿ ಹಾಕಿ ಮರಳಿ ಪಡೆಯಬಹುದು. ದಾಖಲೆ ಕೂಡಿಸುವುದು ಸ್ವಲ್ಪ ಶ್ರಮದ ಕೆಲಸ. ಅರ್ಧ ಪಾಲು ಕಮಿಷನ್ ಕೇಳುವ ಏಜೆಂಟರ ಬಳಿ ಓಡುವ ಮೊದಲು ಕಂಪೆನಿಗೇ ಒಂದು ಪತ್ರ ಬರೆಯಿರಿ. ಕಾಗದದ ಶೇರು ಪತ್ರ ಇಟ್ಟುಕೊಂಡಿರುವವರಿಗೆ ಇನ್ನೊಂದು ಮಾತು. ಪಾನ್, ಬ್ಯಾಂಕ್ ಖಾತೆಯ ವಿವರ ಕೊಡದಿದ್ದರೆ 2024ರ ಏಪ್ರಿಲ್‌ನಿಂದ ಲಾಭಾಂಶ ಕೈಗೆ ಬರುವುದಿಲ್ಲ, ತಡೆದಿಟ್ಟಿರುತ್ತಾರೆ. ಬ್ಯಾಂಕಿನ ಶೇರಾಗಿದ್ದರೆ ಅದನ್ನು ಇಟ್ಟುಕೊಳ್ಳುವ ಬಗ್ಗೆ, ಅದರ ಹಣವನ್ನು ಏನು ಮಾಡಬೇಕೆಂಬ ಬಗ್ಗೆ ನಂಬಿಕೆಯ ಆಲಿಮ್‌ರನ್ನು ಕೇಳಿ. ಮೊದಲು ಅದು ಎಷ್ಟಿದೆ, ಯಾರದ್ದು ಎಂಬುದಾದರೂ ಗೊತ್ತಾಗಲಿ.

ಕೊನೆಗೆ ಝಕಾತ್. ವ್ಯಾಪಾರದ ಉದ್ದೇಶಕ್ಕೆ, ಅಂದರೆ ಬೆಲೆ ಏರಿದಾಗ ಮಾರಲೆಂದೇ ಇಟ್ಟುಕೊಂಡ ಶೇರಾದರೆ ಝಕಾತ್ ಕೊಡುವ ದಿನದ ಮಾರುಕಟ್ಟೆ ಬೆಲೆಯ ಮೇಲೆ ಶೇಕಡಾ 2.5. ಲಾಭಾಂಶಕ್ಕಾಗಿ ದೀರ್ಘಕಾಲ ಇಟ್ಟುಕೊಂಡಿದ್ದರೆ ಕಂಪೆನಿಯ ನಗದು, ಸರಕು ಮುಂತಾದ ಝಕಾತ್ ಬೀಳುವ ಆಸ್ತಿಯಲ್ಲಿ ನಮ್ಮ ಪಾಲಿನ ಮೇಲೆ ಎಂಬುದು ಬಹಳಷ್ಟು ವಿದ್ವಾಂಸರ ಮಾತು. ಅದನ್ನು ಲೆಕ್ಕ ಹಾಕಲಾಗದವರು ಏನು ಮಾಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಕೈಗೆ ಬಂದು ಉಳಿದಿರುವ ಲಾಭಾಂಶದ ಹಣವಂತೂ ನಿಮ್ಮ ಇತರ ನಗದಿನ ಜೊತೆ ಸೇರಿಯೇ ಸೇರುತ್ತದೆ, ಅದರಲ್ಲಿ ಯಾರಿಗೂ ಸಂಶಯವಿಲ್ಲ.

ಮುಂದಿನ ಎರಡು ಭಾನುವಾರ ಅಸರ್ ನಮಾಝಿನ ನಂತರ ಮದ್ರಸದ ಮೇಲ್ಮಹಡಿಯಲ್ಲಿ ಲೆಕ್ಕಪತ್ರ ಬಲ್ಲ ನಮ್ಮ ಜಮಾಅತಿನ ಯುವಕರು ಕುಳಿತಿರುತ್ತಾರೆ. ಹಳೆಯ ಶೇರು ಪತ್ರ, ಡಿಮ್ಯಾಟ್ ವಿವರ, ಮರಣ ಪ್ರಮಾಣಪತ್ರ ಏನಿದ್ದರೂ ತನ್ನಿ. ಸಹೋದರಿಯರಿಗೆ ಅದೇ ದಿನ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಬೇರೆ ಏರ್ಪಾಡು ಮಾಡಿದ್ದೇವೆ. ಮನೆಗೆ ಹೋಗಿ ಅವರಿಗೆ ಈ ಸಮಯವನ್ನು ತಿಳಿಸಿ.